ಕೆಂಪು ಚುಕ್ಕೆ

ಡೊಂಬಿವಲಿಯ ಒಂದು ಖಾಸಗಿ ಶಾಲೆಯಲ್ಲಿ ನಾನು ಮೂರನೇ ತರಗತಿಗೆ ಪಾಠ ಮಾಡುತ್ತೇನೆ. ಕಳೆದ ವರ್ಷ ಆಹಾರದ ಪಾಠ ಬಂದಾಗ ಭಾರೀ ಉತ್ಸಾಹದಿಂದ ಗೋಡೆಗೊಂದು ಚಾರ್ಟ್ ಅಂಟಿಸಿದೆ. ಡಬ್ಬಿಯಲ್ಲಿ ಚಪಾತಿ-ಪಲ್ಯ, ಉಸಳ್, ಹಣ್ಣು ತಂದವರ ಹೆಸರಿನ ಮುಂದೆ ಹಸಿರು ಚುಕ್ಕೆ. ಬಿಸ್ಕತ್ತು, ಚಿಪ್ಸ್ ತಂದವರಿಗೆ ಕೆಂಪು. ಒಂದೇ ವಾರದಲ್ಲಿ ಚಿಪ್ಸ್ ಪೊಟ್ಟಣಗಳು ಮಾಯವಾದವು. ಸ್ಟಾಫ್ ರೂಮಿನಲ್ಲಿ ನಾನು ಬೀಗಿದ್ದೇ ಬೀಗಿದ್ದು.

ಒಬ್ಬ ಹುಡುಗಿಯ ಹೆಸರಿನ ಮುಂದೆ ಮಾತ್ರ ಕೆಂಪು ಸಾಲು ಬೆಳೆಯುತ್ತಲೇ ಹೋಯಿತು. ಮೂರನೇ ವಾರ ಅವಳು ಡಬ್ಬಿ ತೆಗೆಯುವುದನ್ನೇ ಬಿಟ್ಟಳು. ಕೇಳಿದರೆ "ಭೂಕ್ ನಾಹೀ, ಟೀಚರ್" ಎಂದಳು. ನಾಲ್ಕು ದಿನ ಹಸಿದೇ ಕೂತಿದ್ದಳೆಂದು ಗೊತ್ತಾಗಿದ್ದು ಬ್ಯಾಗಿನ ತಳದಲ್ಲಿ ಪುಡಿಯಾದ ಬಿಸ್ಕತ್ತು ಕಂಡಾಗ.

ತಾಯಿಯನ್ನು ಕರೆಸಿದೆ. "ನಾನು ಬೆಳಿಗ್ಗೆ ಐದರ ಲೋಕಲ್ ಹಿಡಿಯಬೇಕು ಮೇಡಂ. ಇವಳೇ ಎದ್ದು ತಮ್ಮನನ್ನೂ ಹೊರಡಿಸಿಕೊಂಡು ಬರ್ತಾಳೆ. ಗ್ಯಾಸ್ ಮುಟ್ಟಬೇಡ ಅಂತ ನಾನೇ ಹೇಳಿದ್ದೀನಿ." ಆಕೆ ಸಿಟ್ಟು ಮಾಡಿಕೊಳ್ಳಲಿಲ್ಲ. ಮಾಡಿಕೊಂಡಿದ್ದರೆ ನನಗೆ ಇಷ್ಟು ಚುಚ್ಚುತ್ತಿರಲಿಲ್ಲವೇನೋ.

ಧಾರವಾಡದ ಶಾಲೆಯಲ್ಲಿ ನಾನೂ ಡಬ್ಬಿಯ ಮುಚ್ಚಳ ಅಡ್ಡ ಹಿಡಿದು ತಿಂದವಳೇ. ಪಕ್ಕದವಳ ಬ್ರೆಡ್-ಜಾಮಿನ ಮುಂದೆ ನನ್ನ ಜೋಳದ ರೊಟ್ಟಿ, ಶೇಂಗಾ ಚಟ್ನಿ ನಾಚಿಕೆಯ ವಸ್ತುವಾಗಿದ್ದವು. ಆ ನಾಚಿಕೆಯನ್ನೇ ಈಗ ಇನ್ನೊಂದು ಮಗುವಿಗೆ, ಅದೂ ಆರೋಗ್ಯದ ಹೆಸರಿನಲ್ಲಿ, ದಾಟಿಸಿದ್ದೆ. ಎಂಟು ವರ್ಷದ ಮಗು ಸಂತೆಗೆ ಹೋಗುವುದಿಲ್ಲ, ಒಲೆ ಹಚ್ಚುವುದಿಲ್ಲ. ಮನೆಯವರ ದುಡ್ಡು, ಬಿಡುವು ಎಷ್ಟಿದೆಯೋ ಅಷ್ಟೇ ಅದರ ಡಬ್ಬಿಗೆ ಬರುತ್ತದೆ. ಅಂಕ ಕೊಟ್ಟದ್ದು ಮಾತ್ರ ಮಗುವಿಗೆ!

ಮರುದಿನ ಚಾರ್ಟ್ ಕಿತ್ತೆ. "ಗ್ಯಾಸ್ ಹಚ್ಚದೆ ಏನೇನು ತಿನ್ನಬಹುದು?" ಎಂದು ಕೇಳಿದೆ. ಬಾಳೆಹಣ್ಣು, ಹುರಿಗಡಲೆ, ಶೇಂಗಾ-ಬೆಲ್ಲ, ಮೊಸರವಲಕ್ಕಿ ಎಂದು ಮಕ್ಕಳೇ ಪಟ್ಟಿ ಮಾಡಿದರು. ತರಗತಿಯಲ್ಲೇ ಹೆಸರುಕಾಳು ನೆನೆಹಾಕಿ, ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟೆವು. ಮೂರನೇ ದಿನ ಮೊಳಕೆ ಕಂಡು ಕುಣಿದಾಡಿದರು. ಹಬೆಯಲ್ಲಿ ಬೇಯಿಸಿ ತಂದು, ನಿಂಬೆಹಣ್ಣು ಹಿಂಡಿ ಹಂಚಿದೆ. ಕಾಳಿನಲ್ಲಿರುವ ಕಬ್ಬಿಣದ ಅಂಶವನ್ನು ಮೈ ಹೀರಿಕೊಳ್ಳಲು ನಿಂಬೆಯ ಸಿ ವಿಟಮಿನ್ ನೆರವಾಗುತ್ತದೆಂದು ತಿನ್ನುತ್ತಲೇ ಕಲಿತರು. 'ನಾಚಣಿ' ಎಂದರೆ ಮುಸಿಮುಸಿ ನಗುತ್ತಿದ್ದವರಿಗೆ 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಷ್ಟೇ ಹಾಲಿನಲ್ಲಿರುವುದು ಸುಮಾರು 120 ಎಂದು ಬೋರ್ಡಿನ ಮೇಲೆ ಬರೆದು ತೋರಿಸಿದೆ. 300 ಮಿಲಿಲೀಟರ್ ಕೋಲಾದಲ್ಲಿ 30 ಗ್ರಾಂಗೂ ಹೆಚ್ಚು ಸಕ್ಕರೆ ಇರುತ್ತದೆ. ಒಬ್ಬ ಹುಡುಗ ಲೋಟಕ್ಕೆ ಆರು ಚಮಚ ಸಕ್ಕರೆ ಅಳೆದು ಸುರಿದ. ನಾನು ಏನೂ ಹೇಳಬೇಕಾಗಲಿಲ್ಲ.

ಆ ಹುಡುಗಿ ನೆನೆಸಿದ ಶೇಂಗಾ, ಒಂದು ತುಂಡು ಬೆಲ್ಲ ತರತೊಡಗಿದಳು. ರಾತ್ರಿ ಮಲಗುವ ಮುಂಚೆ ತಾನೇ ನೆನೆಹಾಕುತ್ತಾಳಂತೆ, ತಮ್ಮನ ಪಾಲನ್ನೂ ಸೇರಿಸಿ. ಕೆಲವು ದಿನ ಮತ್ತೆ ಬಿಸ್ಕತ್ತೇ ಇರುತ್ತಿತ್ತು. ಆ ದಿನಗಳಲ್ಲೂ ಡಬ್ಬಿಯ ಮುಚ್ಚಳ ಪಕ್ಕಕ್ಕಿಟ್ಟೇ ತಿನ್ನುತ್ತಿದ್ದಳು.