ನಿಯೋಬೆಯ ಮಕ್ಕಳು

ಗ್ರೀಕರ ಪುರಾಣಗಳಲ್ಲಿ ದೇವತೆಗಳನ್ನು ಕೆಣಕಿದ ಮನುಷ್ಯರಿಗೆ ಶಿಕ್ಷೆ ತಪ್ಪಿದ್ದಿಲ್ಲ. ಆ ಕಥೆಗಳನ್ನು ತರಗತಿಯಲ್ಲಿ ನನ್ನಿಂದ ಕೇಳಿದವರು ಈ ಪುಟದ ಓದುಗರಲ್ಲಿ ಹಲವರಿದ್ದೀರಿ. ಕಂಚಿನ ಪಾತ್ರೆಗಳನ್ನು ರಥದ ಹಿಂದೆ ಕಟ್ಟಿ ದಡದಡನೆ ಎಳೆಸುತ್ತ, ಉರಿಯುವ ಪಂಜುಗಳನ್ನು ಎಸೆಯುತ್ತ, "ನಾನೇ ಸ್ಯೂಸ್, ಇದೇ ನನ್ನ ಗುಡುಗು ಸಿಡಿಲು" ಎಂದು ಮೆರೆದ ಸಾಲ್ಮೋನಿಯಸ್ ದೊರೆಯ ಕಥೆಗೆ ಹಿಂದಿನ ಬೆಂಚಿನವರೂ ನಗುತ್ತಿದ್ದರು. ನಿಜವಾದ ಸಿಡಿಲು ಬಡಿದು ಅವನು ಸತ್ತನೆಂದಾಗ ಯಾರ ಮುಖದಲ್ಲೂ ಮರುಕ ಕಾಣುತ್ತಿರಲಿಲ್ಲ.

ನಗು ನಿಲ್ಲುತ್ತಿದ್ದುದು ನಿಯೋಬೆಯ ಕಥೆಯಲ್ಲಿ. ಆಕೆ ಥೀಬ್ಸ್ ನಗರದ ರಾಣಿ. ರೋಮನ್ ಕವಿ ಓವಿಡನ ಪ್ರಕಾರ ಆಕೆಗೆ ಏಳು ಗಂಡು, ಏಳು ಹೆಣ್ಣು ಮಕ್ಕಳು. ಲೀಟೋ ದೇವಿಗೆ ಜನ ಪೂಜೆ ಸಲ್ಲಿಸುತ್ತಿದ್ದಾಗ ಬಂದು, "ಇಬ್ಬರನ್ನು ಹೆತ್ತವಳಿಗೆ ಪೂಜೆ, ಹದಿನಾಲ್ವರನ್ನು ಹೆತ್ತ ನನಗೇಕಿಲ್ಲ?" ಎಂಬ ಧಾಟಿಯಲ್ಲಿ ಮಾತನಾಡಿದಳು. (ನಮ್ಮ ಮನೆಗಳಲ್ಲಿ ಅಜ್ಜಿಯಂದಿರು ಮೊಮ್ಮಕ್ಕಳ ತಲೆ ಎಣಿಸಲೂ ಬಿಡುತ್ತಿರಲಿಲ್ಲ, ದೃಷ್ಟಿಯಾಗುತ್ತದೆಂದು.) ಲೀಟೋಳ ಆ ಇಬ್ಬರು ಮಕ್ಕಳು ಅಪೋಲೋ ಮತ್ತು ಆರ್ಟೆಮಿಸ್. ಬಾಣಗಳು ಮೊದಲು ಗಂಡುಮಕ್ಕಳನ್ನು ಕೆಡವಿದವು. ಆಗಲೂ ತಾಯಿ, ಉಳಿದವರ ಲೆಕ್ಕದಲ್ಲಿ ತಾನೇ ಮುಂದು ಎಂದಳು. ಬಳಿಕ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಬಿದ್ದರು. ಕೊನೆಯವಳನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಇದೊಂದನ್ನಾದರೂ ಬಿಡಿ ಎಂದು ಬೇಡಿದಳು. ಬಿಡಲಿಲ್ಲ. 1583ರಲ್ಲಿ ರೋಮಿನಲ್ಲಿ ದೊರೆತು, ಈಗ ಫ್ಲಾರೆನ್ಸಿನ ಉಫೀಟ್ಸಿಯಲ್ಲಿರುವ ಶಿಲ್ಪಸಮೂಹದಲ್ಲಿ ತಾಯಿಯ ಮಡಿಲಿಗೆ ಒತ್ತಿಕೊಂಡ ಆ ಮಗುವನ್ನು ಇಂದಿಗೂ ಕಾಣಬಹುದು.

ಒಂದು ವರ್ಷ ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: "ಸಾರ್, ಆ ಮಕ್ಕಳು ಏನು ಮಾಡಿದ್ದರು?"

ಏನೂ ಮಾಡಿರಲಿಲ್ಲ ಎಂದೆ. ಅವಳು ಕುಳಿತುಕೊಳ್ಳಲಿಲ್ಲ. ಅವಳ ಪ್ರಶ್ನೆ ಆ ಪುರಾಣಗಳ ಉದ್ದಕ್ಕೂ ಕೇಳಬೇಕಾದದ್ದೇ. ಚೆಲುವಿನ ಬಗ್ಗೆ ಜಂಬ ಕೊಚ್ಚಿದವಳು ಕ್ಯಾಸಿಯೋಪಿಯಾ. ಕಡಲ ಪ್ರಾಣಿಗೆ ಆಹಾರವಾಗಲೆಂದು ಬಂಡೆಗೆ ಬಿಗಿಸಿಕೊಂಡವಳು ಮಗಳು ಆಂಡ್ರೊಮಿಡಾ. ಹೊಣೆ ಹೊತ್ತವನೇ ಬೆಲೆ ತೆರುವ ಕಥೆಗಳೂ ಇವೆ, ಇಲ್ಲವೆಂದಲ್ಲ. ಸೊಫೊಕ್ಲಿಸನ ನಾಟಕದಲ್ಲಿ ಅಜಾಕ್ಸ್, ದೇವರ ನೆರವಿದ್ದರೆ ಕೈಲಾಗದವನೂ ಗೆಲ್ಲುತ್ತಾನೆ, ನನಗದು ಬೇಡ ಎಂದು ತಂದೆಯ ಮುಂದೆ ಹೇಳಿ ಯುದ್ಧಕ್ಕೆ ಹೊರಡುತ್ತಾನೆ. ಮುಂದೆ ಅಥೀನಾ ಅವನಿಗೆ ಬುದ್ಧಿಭ್ರಮಣೆ ತರುತ್ತಾಳೆ. ಬಿ.ಎಂ.ಶ್ರೀ. ಅವರು 1929ರ 'ಅಶ್ವತ್ಥಾಮನ್' ನಾಟಕವನ್ನು ರಚಿಸಿದ್ದು ಇದೇ ನಾಟಕವನ್ನು ಮಾದರಿಯಾಗಿಟ್ಟುಕೊಂಡು. ಅಲ್ಲಿ ನಮಗೆ ವೀರನ ಮೇಲೆ ಕನಿಕರ ಹುಟ್ಟುತ್ತದೆಯೇ ಹೊರತು ಲೆಕ್ಕ ತಪ್ಪಿತೆನಿಸುವುದಿಲ್ಲ. ನಿಯೋಬೆಯ ಕಥೆಯಲ್ಲಿ ಲೆಕ್ಕವೇ ತಪ್ಪಿದೆ.

ಅಹಂಕಾರಕ್ಕೆ ತಕ್ಕ ಶಾಸ್ತಿ ಎಂದು ಹೇಳಿ ಗ್ರೀಕರು ಸುಮ್ಮನಾದರೆಂದು ಭಾವಿಸಬೇಡಿ. ಇಲಿಯಡ್ಡಿನ ಇಪ್ಪತ್ನಾಲ್ಕನೆಯ ಸರ್ಗದಲ್ಲಿ ಮುದುಕ ಪ್ರಿಯಾಮ್, ಮಗ ಹೆಕ್ಟರನ ಶವವನ್ನು ಬೇಡಲು ಕೊಂದವನ ಡೇರೆಗೇ ಬರುತ್ತಾನೆ. ಮಗ ಸತ್ತಂದಿನಿಂದ ಅನ್ನ ಮುಟ್ಟಿಲ್ಲ. ಅವನನ್ನು ಊಟಕ್ಕೆ ಒಪ್ಪಿಸಲು ಅಕಿಲೀಸ್ ಹೇಳುವುದು ನಿಯೋಬೆಯ ಕಥೆಯನ್ನೇ! ಹೋಮರನಲ್ಲಿ ಮಕ್ಕಳು ಹನ್ನೆರಡು. ಒಂಬತ್ತು ದಿನ ಶವಗಳು ಹಾಗೆಯೇ ಬಿದ್ದಿದ್ದವು. ಹೂಳುವವರಿರಲಿಲ್ಲ, ಸ್ಯೂಸ್ ಜನರನ್ನು ಕಲ್ಲಾಗಿಸಿದ್ದ. ಹತ್ತನೆಯ ದಿನ ದೇವತೆಗಳೇ ಬಂದು ಹೂಳಿದರು. ಅತ್ತು ಅತ್ತು ದಣಿದ ನಿಯೋಬೆಯೂ ಆಗ ಊಟ ಮಾಡಿದಳಂತೆ. ಆಕೆಯ ಜಂಬದ ಮಾತು ಅಲ್ಲಿ ಒಂದೆರಡು ಪಂಕ್ತಿಗಳಲ್ಲಿ ಮುಗಿದುಹೋಗುತ್ತದೆ. ಮಕ್ಕಳನ್ನು ಕಳೆದುಕೊಂಡ ತಂದೆಗೆ, ಮಕ್ಕಳನ್ನು ಕೊಂದವನೇ ಹೇಳುವ ಸಾಂತ್ವನವದು. ಇಬ್ಬರೂ ಕುಳಿತು ಉಣ್ಣುತ್ತಾರೆ. ಬೋಧನೆಯ ವೃತ್ತಿಯಲ್ಲಿ ಎಷ್ಟು ಸಲ ಓದಿದರೂ ನಾನು ಈ ಭಾಗವನ್ನು ಗಂಟಲು ಬಿಗಿಯದೆ ಮುಗಿಸಿದ್ದಿಲ್ಲ.

ನಿಯೋಬೆ ಕಡೆಗೆ ಕಲ್ಲಾದಳು, ಕಲ್ಲಾಗಿಯೂ ಅಳುತ್ತಿದ್ದಾಳೆ ಎನ್ನುತ್ತಾರೆ. ಇಂದಿನ ಟರ್ಕಿಯ ಮನಿಸಾ ಪಟ್ಟಣದ ಬಳಿ ಸಿಪಿಲಸ್ ಬೆಟ್ಟದಲ್ಲಿ ಆ ಬಂಡೆಯೆಂದು ತೋರಿಸುವ ಕಲ್ಲೊಂದಿದೆ. ಎರಡನೆಯ ಶತಮಾನದ ಪ್ರವಾಸಿ ಪಾಸೇನಿಯಸ್ ಬೆಟ್ಟ ಹತ್ತಿ ನೋಡಿ ಬರೆದಿಟ್ಟಿದ್ದಾನೆ: ಹತ್ತಿರ ಹೋದರೆ ಬರೀ ಬಂಡೆ, ಸ್ವಲ್ಪ ದೂರ ಸರಿದು ನಿಂತರೆ ತಲೆ ಬಾಗಿಸಿ ಅಳುತ್ತಿರುವ ಹೆಂಗಸು.