ಪರಿಚಯಕ್ಕೊಂದು ಜಾಮೀನು

ಗುರುತಿಲ್ಲದವರ ಕಚೇರಿಗೆ ಹೋಗಿ ತಾನು ಯಾರೆಂದು ತಿಳಿಸುವ ಮಾತು ಮೇಲ್ನೋಟಕ್ಕೆ ಸರಳವಾಗಿದ್ದರೂ, ಮೇಜಿನ ಆಚೆ ಕುಳಿತವರ ಮನಸ್ಸಿನಲ್ಲಿ ಸದಾ ಎರಡು ಪ್ರಶ್ನೆಗಳು ಕಾದಿರುತ್ತವೆ: ಈತ ಬಂದದ್ದು ಯಾವ ಕೆಲಸಕ್ಕೆ, ಈತನ ಮಾತಿಗೆ ಜಾಮೀನು ಯಾರು. ಮೊದಲನೆಯ ಪ್ರಶ್ನೆ ಎಲ್ಲ ಕಾಲಕ್ಕೂ ಒಂದೇ ಆಗಿದ್ದು, ಎರಡನೆಯದರ ಉತ್ತರ ಮಾತ್ರ ಕಾಲಕಾಲಕ್ಕೆ ಬದಲಾಗುತ್ತ ಬಂದಿದೆ. ಈ ಬದಲಾವಣೆಯನ್ನು ಒಂದೇ ಕಡೆ ನಿಂತು ಕಾಣಬಯಸುವವರಿಗೆ ಚೆನ್ನೈನ ಪ್ಯಾರೀಸ್ ಕಾರ್ನರಿಗಿಂತ ಅನುಕೂಲವಾದ ಸ್ಥಳ ಸಿಗುವುದು ಕಷ್ಟ; ಎನ್.ಎಸ್.ಸಿ. ಬೋಸ್ ರಸ್ತೆ ರಾಜಾಜಿ ಸಾಲೈಯನ್ನು ಕೂಡುವ ಈ ಮೂಲೆಯ ಒಂದು ಬದಿಗೆ ಹೈಕೋರ್ಟು, ಇನ್ನೊಂದು ಬದಿಗೆ ಬಂದರು ಮತ್ತು ಕಸ್ಟಮ್ಸ್ ಹೌಸ್, ಬೆನ್ನಿಗೆ ಜಾರ್ಜ್ ಟೌನಿನ ವ್ಯಾಪಾರದ ಬೀದಿಗಳು ಇರುವುದರಿಂದ, ಅಪರಿಚಿತರೊಡನೆ ವ್ಯವಹರಿಸುವುದೇ ಇಲ್ಲಿನವರ ನಿತ್ಯದ ಕಸುಬಾಗಿದೆ.

ಕನ್ನಡನಾಡಿನ ಹಳೆಯ ವರ್ತಕರು ತಮ್ಮನ್ನು ಪರಿಚಯಿಸಿಕೊಳ್ಳುವುದರಲ್ಲಿ ಸಂಕೋಚಪಟ್ಟವರಲ್ಲ. ಐಹೊಳೆಯನ್ನು ಮೂಲನೆಲೆಯೆಂದು ಹೇಳಿಕೊಂಡು ದಕ್ಷಿಣ ಭಾರತದ ಉದ್ದಕ್ಕೂ ಕಡಲಾಚೆಗೂ ವ್ಯಾಪಾರ ಬೆಳೆಸಿದ ‘ಅಯ್ಯಾವೊಳೆ ಐನೂರ್ವರು’ ಎಂಬ ವರ್ತಕ ಸಂಘದ ಶಾಸನಗಳಲ್ಲಿ ಪ್ರಶಸ್ತಿ, ಅಂದರೆ ಸಂಘದ ಶೌರ್ಯ, ಸತ್ಯ, ಧರ್ಮನಿಷ್ಠೆಗಳನ್ನು ಕೊಂಡಾಡುವ ಭಾಗ, ಹಲವೆಡೆ ಎಷ್ಟು ದೀರ್ಘವಾಗಿ ಸಾಗುತ್ತದೆಯೆಂದರೆ, ಕೊನೆಗೆ ದೇವಾಲಯಕ್ಕೆ ಬಿಟ್ಟ ದಾನವೆಷ್ಟೆಂಬುದನ್ನು ತಲುಪುವಷ್ಟರಲ್ಲಿ ಓದುಗನಿಗೆ ಉಸಿರು ಕಟ್ಟಿರುತ್ತದೆ. ಉಪನಯನವಾದ ವಟು ಹಿರಿಯರಿಗೆ ನಮಸ್ಕರಿಸುವಾಗ ತನ್ನ ಪ್ರವರವನ್ನು, ಎಂದರೆ ಋಷಿಪರಂಪರೆ, ಗೋತ್ರ, ಸೂತ್ರ, ಶಾಖೆಗಳನ್ನು, ಹೇಳಿ ಕಟ್ಟಕಡೆಗೆ ತನ್ನ ಹೆಸರನ್ನು ಸೇರಿಸುವುದೂ ಇದೇ ಬಗೆಯದು. ಈ ಎರಡರಲ್ಲಿಯೂ ವ್ಯಕ್ತಿಗೆ ಜಾಮೀನಾಗಿ ನಿಂತದ್ದು ಸಮುದಾಯವಾದುದರಿಂದ, ಒಬ್ಬೊಬ್ಬನೂ ತನ್ನ ಯೋಗ್ಯತೆಯನ್ನು ಬೇರೆಯಾಗಿ ಸ್ಥಾಪಿಸಬೇಕಾದ ತೊಂದರೆ ಇರಲಿಲ್ಲ.

ಕಡಲು ದಾಟಿ ಬಂದವನಿಗೆ ಇಂಥ ಆಸರೆ ಇರದಿದ್ದ ಕಾರಣ, ಈಸ್ಟ್ ಇಂಡಿಯಾ ಕಂಪನಿಯ ಕಾಲದ ಮದ್ರಾಸಿನಲ್ಲಿ ಜಾಮೀನಿನ ಸ್ಥಾನವನ್ನು ಕಾಗದ ಆಕ್ರಮಿಸಿತು. ಆಗ ಬಂದರು ಕಟ್ಟೆಯಿಲ್ಲದೆ ಹಡಗುಗಳು ದೂರದಲ್ಲೇ ಲಂಗರು ಹಾಕುತ್ತಿದ್ದವು. ಹಲಗೆಗಳನ್ನು ಹುರಿಯಿಂದ ಹೊಲಿದು ಕಟ್ಟಿದ ಮಸೂಲಾ ದೋಣಿಗಳಲ್ಲಿ ಅಲೆಗಳನ್ನು ದಾಟಿ ತೋಯ್ದು ಇಳಿದವರ ಪೆಟ್ಟಿಗೆಯಲ್ಲಿ ಇಂಗ್ಲೆಂಡಿನ ದೊಡ್ಡವರು ಬರೆದುಕೊಟ್ಟ ಪರಿಚಯಪತ್ರಗಳಿರುತ್ತಿದ್ದವು. ಅವರನ್ನು ದಡದಲ್ಲಿ ಮುತ್ತಿಕೊಳ್ಳುತ್ತಿದ್ದ ದುಭಾಷಿಗಳು, ಅಂದರೆ ವಿದೇಶಿಯರ ಪರವಾಗಿ ಮಾತು, ಲೇವಾದೇವಿ, ಖರೀದಿಗಳನ್ನೆಲ್ಲ ನಡೆಸುತ್ತಿದ್ದ ಸ್ಥಳೀಯ ಮಧ್ಯವರ್ತಿಗಳು, ತಾವೂ ಹಿಂದಿನ ಧಣಿಗಳಿಂದ ಬರೆಸಿಕೊಂಡ ಪ್ರಶಂಸಾಪತ್ರಗಳನ್ನು ಮುಂದೆ ಹಿಡಿಯುತ್ತಿದ್ದುದರಿಂದ, ಇಬ್ಬರು ಅಪರಿಚಿತರು ಎದುರುಬದುರಾದಾಗ ಮಾತನಾಡುತ್ತಿದ್ದುದು ಅಲ್ಲಿಲ್ಲದ ಮೂರನೆಯವರೇ ಆಗಿದ್ದರು. 1788ರಲ್ಲಿ ವೇಲ್ಸ್ ನಾಡಿನಿಂದ ಹೀಗೆ ಬಂದಿಳಿದ ತಾಮಸ್ ಪ್ಯಾರಿಯು ‘ಸ್ವತಂತ್ರ ವರ್ತಕ’ನಾಗಿ, ಎಂದರೆ ಕಂಪನಿಯ ನೌಕರಿಯಲ್ಲಿರದೆ ಅದರ ಅನುಮತಿಯಿಂದ ಸ್ವಂತ ವ್ಯಾಪಾರ ಮಾಡುವವನಾಗಿ, ಬದುಕು ಕಟ್ಟಿಕೊಂಡನು. 1824ರಲ್ಲಿ ಅವನು ತೀರಿಕೊಂಡರೂ ಅವನ ಸಂಸ್ಥೆ ಉಳಿಯಿತು. ಮೂಲೆಯಲ್ಲಿ 1940ರಲ್ಲಿ ಎದ್ದ ಕಟ್ಟಡಕ್ಕೆ ಅವನ ಪಾಲುದಾರನಾಗಿದ್ದ ಡೇರ್‌ನ ನೆನಪಿನಲ್ಲಿ ಡೇರ್ ಹೌಸ್ ಎಂದು ಹೆಸರಾದರೂ ಊರಿನವರ ಬಾಯಲ್ಲಿ ಸ್ಥಳ ಪ್ಯಾರೀಸ್ ಆಗಿಯೇ ನಿಂತಿದೆ.

ಮುಂದಿನ ಘಟ್ಟ ವಿಸಿಟಿಂಗ್ ಕಾರ್ಡಿನದು. ಬ್ರಿಟಿಷರ ಭಾರತದಲ್ಲಿ ಊರಿಗೆ ಹೊಸದಾಗಿ ಬಂದವರೇ ಹಳಬರ ಮನೆಗಳಿಗೆ ಹೋಗಿ ಹೆಸರಿನ ಚೀಟಿ ಬಿಟ್ಟುಬರಬೇಕೆಂಬ ಕಟ್ಟಳೆಯಿತ್ತು. ಅದಕ್ಕಾಗಿ ಗೇಟಿಗೆ ‘ಮನೆಯಲ್ಲಿಲ್ಲ’ ಎಂದು ಬರೆದ ತಗಡಿನ ಪೆಟ್ಟಿಗೆಯನ್ನು ತೂಗುಹಾಕಿ, ಯಜಮಾನರು ಒಳಗೆ ನೆಮ್ಮದಿಯಾಗಿ ಕುಳಿತಿರುತ್ತಿದ್ದರು. ಮುಖ ಕಾಣದೆಯೇ ಪರಿಚಯ ಮುಗಿಯುತ್ತಿದ್ದ ಈ ಪದ್ಧತಿ ಹೋದರೂ ಚೀಟಿ ಉಳಿದು, ಪ್ಯಾರೀಸ್ ಕಾರ್ನರಿನ ಹತ್ತಿರದ ಆಂಡರ್ಸನ್ ಬೀದಿಯ ಕಾಗದದಂಗಡಿಗಳಲ್ಲಿ ಅದು ಇಂದಿಗೂ ಮದುವೆಯ ಕರೆಯೋಲೆಗಳ ಪಕ್ಕದಲ್ಲಿ ಮಾರಾಟವಾಗುತ್ತದೆ. ಎರಡಕ್ಕೂ ಹೊಂಬಣ್ಣದ ಅಕ್ಷರವೇ ಬೇಕೆನ್ನುವ ಗಿರಾಕಿಗಳಿಗೆ ಕೊರತೆಯಿಲ್ಲ.

ಇಷ್ಟರಲ್ಲಿ ವಿಶ್ವವಿದ್ಯಾನಿಲಯವೂ ಜಾಮೀನು ನಿಲ್ಲಲು ಮುಂದೆ ಬಂದಿತ್ತು. 1857ರಲ್ಲಿ ಮದ್ರಾಸ್ ವಿಶ್ವವಿದ್ಯಾನಿಲಯ ಸ್ಥಾಪನೆಯಾದ ಮೇಲೆ ಹೆಸರಿನ ಮುಂದಿನ ‘ಬಿ.ಎ.’ ಎಂಬ ಎರಡಕ್ಷರಗಳು ಗೋತ್ರಪ್ರವರದಷ್ಟೇ ಗೌರವ ಪಡೆದವು. ದಕ್ಷಿಣ ಕನ್ನಡ, ಬಳ್ಳಾರಿಗಳು ಮದ್ರಾಸ್ ಪ್ರಾಂತಕ್ಕೆ ಸೇರಿದ್ದರಿಂದ ಅಲ್ಲಿನ ತರುಣರು ಅವುಗಳನ್ನು ಅರಸಿ ಇತ್ತ ಬಂದರು. 1937ರಲ್ಲಿ ತಾಂಬರಂಗೆ ತೆರಳುವವರೆಗೂ ಹೈಕೋರ್ಟಿನ ಎದುರಿನಲ್ಲೇ ಇದ್ದ ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಓದಿದವರಲ್ಲಿ ಮಂಜೇಶ್ವರದ ಗೋವಿಂದ ಪೈಗಳೂ ಒಬ್ಬರು. ಅವರು ಬಿ.ಎ. ಪೂರ್ತಿಗೊಳಿಸದೆ ಊರಿಗೆ ಮರಳಬೇಕಾಯಿತು. ಆದರೂ 1949ರಲ್ಲಿ ಅದೇ ಮದ್ರಾಸಿನ ಸರ್ಕಾರ ಅವರನ್ನು ರಾಷ್ಟ್ರಕವಿಯೆಂದು ಗೌರವಿಸಿತು. ಪದವಿಯಿಂದ ಸಿಗದ ಜಾಮೀನನ್ನು ಬರಹವೇ ಕೊಟ್ಟಿತು.

ಕರಾವಳಿಯಿಂದ ಬಂದವರೆಲ್ಲ ಕಾಲೇಜಿಗೇ ಬಂದವರಲ್ಲ. ಕಡಂದಲೆಯ ಕೆ. ಕೃಷ್ಣರಾಯರು 1920ರ ದಶಕದಲ್ಲಿ ಜಾರ್ಜ್ ಟೌನಿನ ಆಚಾರಪ್ಪನ್ ಬೀದಿಯಲ್ಲಿ ಹೋಟೆಲು ನಡೆಸತೊಡಗಿ 1938ರಲ್ಲಿ ವುಡ್‌ಲ್ಯಾಂಡ್ಸ್ ತೆರೆಯುವ ಮಟ್ಟಕ್ಕೆ ಬೆಳೆದರು. ಉಡುಪಿ ಹೋಟೆಲುಗಳ ಅಡುಗೆಮನೆಗೆ ಸೇರಬಂದ ಹುಡುಗನ ಮುಂದೆ ಇಡುತ್ತಿದ್ದ ಪ್ರಶ್ನೆ ‘ಯಾರ ಪೈಕಿ?’ ಎಂಬುದೊಂದೇ ಆಗಿತ್ತು. ಈ ಲೇಖನ ಬರೆದವನೂ ಆ ಪರಂಪರೆಗೆ ಹೊರಗಿನವನಲ್ಲ. ಎಂ.ಕಾಂ. ಮುಗಿಸಿ ತಂಬು ಚೆಟ್ಟಿ ಬೀದಿಯ ಕ್ಲಿಯರಿಂಗ್ ಏಜೆಂಟರೊಬ್ಬರ, ಎಂದರೆ ಆಮದು ಮಾಡಿದ ಸರಕನ್ನು ಕಸ್ಟಮ್ಸ್‌ನಿಂದ ಬಿಡಿಸಿಕೊಡುವವರ, ಕಚೇರಿಗೆ ಅವನು ಸೇರಿದಾಗ ಕೆಲಸ ಗಿಟ್ಟಿಸಿದ್ದು ಪದವಿಗಿಂತ ಹೆಚ್ಚಾಗಿ ಸೋದರಮಾವನ ಕಾಗದ. ಆ ಕಚೇರಿಯ ಹೆಡ್ ಕ್ಲಾರ್ಕ್ ಕುಂದಾಪುರದ ಕಡೆಯವರಾಗಿದ್ದು, ಹೊಸಬನನ್ನು ಹಡಗು ಕಂಪನಿಯ ಕೌಂಟರಿಗೆ ಕಳುಹಿಸುವ ಮುನ್ನ, “ಹೆಸ್ರ್ ಕಡಿಗ್ ಹೇಳ್ ಮಾಣಿ, ಮೊದ್ಲ್ ಯಾವ್ ಹಡಗಿನ ಕೆಲ್ಸ ಅಂದ್ ಹೇಳ್” ಎಂದು ಉಪದೇಶಿಸಿದ್ದರು.

ಆ ಮಾತಿನ ಸಾರ ಕೌಂಟರಿನ ಎದುರಿನ ಸಾಲಿನಲ್ಲಿ ತಿಳಿಯುತ್ತಿತ್ತು. ಹಡಗಿನ ಹೆಸರು, ಬಿಲ್ ಆಫ್ ಲೇಡಿಂಗ್ ಎಂಬ ಸರಕಿನ ರಸೀದಿಯ ನಂಬರು, ಆಮದುದಾರರ ಹೆಸರು, ಬೇಕಾದದ್ದು ಡೆಲಿವರಿ ಆರ್ಡರ್ ಎಂಬ ಸರಕು ಬಿಟ್ಟುಕೊಡುವ ಪತ್ರ: ಇಷ್ಟನ್ನು ಈ ಕ್ರಮದಲ್ಲಿ ಹೇಳಿದವನ ಕಡೆಗೆ ಗುಮಾಸ್ತರು ತಲೆಯೆತ್ತುತ್ತಿದ್ದರು; ಹೇಳಿದವನು ಎಂ.ಕಾಂ. ಆಗಿರುವುದು ಅವರ ಕಡತದ ಯಾವ ಕಾಲಮಿಗೂ ಸೇರುತ್ತಿರಲಿಲ್ಲ. ರಸ್ತೆಯಾಚೆಯ ಹೈಕೋರ್ಟಿನ ರೂಢಿಯೂ ಇದನ್ನೇ ಪುಷ್ಟೀಕರಿಸುತ್ತದೆ. ವಕೀಲರು ನ್ಯಾಯಾಧೀಶರ ಎದುರು ನಿಂತಾಗ ತಮ್ಮ ಅನುಭವವನ್ನು ಬಣ್ಣಿಸದೆ ತಾವು ಅರ್ಜಿದಾರರ ಪರವೋ ಪ್ರತಿವಾದಿಯ ಪರವೋ ಎಂಬುದನ್ನು ತಿಳಿಸುತ್ತಾರೆ; ಕಕ್ಷಿದಾರನು ಸಹಿ ಹಾಕಿ ಅಧಿಕಾರ ಕೊಟ್ಟ ವಕಾಲತ್ತು ಕಡತದಲ್ಲಿರುವುದರಿಂದ, ಒಂದೇ ವಾಕ್ಯದಲ್ಲಿ ಕೆಲಸವೂ ಜಾಮೀನೂ ಎರಡೂ ಸ್ಪಷ್ಟವಾಗುತ್ತವೆ.

ಈಗಿನ ಸಂದರ್ಶನಗಳಲ್ಲಿ ಸೋದರಮಾವನ ಕಾಗದ ನಡೆಯುವುದಿಲ್ಲ. ಪದವಿ ಎಲ್ಲರ ಬಳಿಯೂ ಇದೆ. ಕಾರ್ಡಿನ ಮೇಲಿನ ಹುದ್ದೆಯನ್ನು ಯಾರು ಬೇಕಾದರೂ ಅಚ್ಚುಹಾಕಿಸಬಹುದು. ‘ನಿಮ್ಮ ಬಗ್ಗೆ ಹೇಳಿ’ ಎಂದೊಡನೆ ಹುಟ್ಟೂರಿನಿಂದ ಮೊದಲುಗೊಂಡು, ಎದುರಿನವರ ಮೇಜಿನ ಮೇಲೇ ಇರುವ ಅರ್ಜಿಯನ್ನು ಬಾಯಿಪಾಠ ಒಪ್ಪಿಸುವ ಅಭ್ಯರ್ಥಿಗಳು ಅಯ್ಯಾವೊಳೆಯ ಪ್ರಶಸ್ತಿಯನ್ನೇ ಮುಂದುವರಿಸುತ್ತಿದ್ದಾರೆ. ಅದಕ್ಕೆ ಬೆಂಬಲವಾಗಿದ್ದ ಐನೂರು ಮಂದಿ ಮಾತ್ರ ಈಗ ಹಿಂದೆ ನಿಂತಿಲ್ಲ. ಇಂದು ಉಳಿದಿರುವ ಜಾಮೀನು ಮಾಡಿ ಮುಗಿಸಿದ ಕೆಲಸವೊಂದೇ. ಆದ್ದರಿಂದ ಉದ್ಯೋಗಕ್ಕೆ ಹೊರಟ ತರುಣ ತರುಣಿಯರು ಹೆಸರನ್ನು ಸ್ಪಷ್ಟವಾಗಿ ಉಚ್ಚರಿಸಿ, ಬೇರೆಯವರು ವಿಚಾರಿಸಿ ನೋಡಬಹುದಾದ ಒಂದು ಕೆಲಸವನ್ನು ಹೇಳಿ, ಬಂದ ಉದ್ದೇಶವನ್ನು ಒಂದು ವಾಕ್ಯದಲ್ಲಿ ತಿಳಿಸಿ, ಅಲ್ಲಿಗೆ ನಿಲ್ಲಿಸಲಿ. ಉಳಿದುದನ್ನು ಕೇಳಬೇಕೆನಿಸಿದವರು ತಾವಾಗಿಯೇ ಕೇಳುತ್ತಾರೆ.