ಕೊಸೊವೊ: ಕೆಲವು ಟಿಪ್ಪಣಿಗಳು

ಜೂಡೊಪಟು ಮೈಲಿಂಡಾ ಕೆಲ್ಮೆಂಡಿ ಕೊಸೊವೊದ ಪೇಯಾ ಊರಿನವರು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಅಲ್ಬೇನಿಯಾ ಪರ ಆಡಿದರು. ಮರುವರ್ಷ ರಿಯೊದಲ್ಲಿ ವಿಶ್ವ ಚಾಂಪಿಯನ್ ಆದದ್ದು ಕೊಸೊವೊ ಹೆಸರಿನಲ್ಲಿ. 2014ರಲ್ಲಿ ರಷ್ಯಾದ ಚೆಲ್ಯಾಬಿನ್ಸ್ಕ್‌ನಲ್ಲಿ ಆ ಪಟ್ಟ ಉಳಿಸಿಕೊಂಡಾಗ ಯಾವ ದೇಶದ್ದೂ ಅಲ್ಲದ, ಜೂಡೊ ಒಕ್ಕೂಟದ ಬಾವುಟ. ಅದೇ ವರ್ಷದ ಡಿಸೆಂಬರಿನಲ್ಲಿ ಒಲಿಂಪಿಕ್ ಸಮಿತಿ ಕೊಸೊವೊವನ್ನು ಸೇರಿಸಿಕೊಂಡಿತು. 2016ರಲ್ಲಿ ಮತ್ತೆ ರಿಯೊದಲ್ಲಿ, ಈ ಸಲ ಒಲಿಂಪಿಕ್ಸ್‌ನಲ್ಲಿ, ಕೊಸೊವೊ ಪರ ಚಿನ್ನ. ಅದೇ ಹೆಣ್ಣುಮಗಳು, ಅದೇ 52 ಕೆ.ಜಿ. ವಿಭಾಗ. ನಾಲ್ಕು ವರ್ಷದಲ್ಲಿ ಮೂರು ಬಾವುಟ!

ಕೊಸೊವೊ ಸರ್ಬಿಯಾದಿಂದ ಸ್ವಾತಂತ್ರ್ಯ ಘೋಷಿಸಿಕೊಂಡದ್ದು 2008ರ ಫೆಬ್ರುವರಿ 17ರಂದು. ಸರ್ಬಿಯಾ ಇಂದಿಗೂ ಒಪ್ಪಿಲ್ಲ. ಘೋಷಣೆಯಲ್ಲಿ ಕಾನೂನಿನ ಉಲ್ಲಂಘನೆ ಇಲ್ಲವೆಂದು ಅಂತರರಾಷ್ಟ್ರೀಯ ನ್ಯಾಯಾಲಯ 2010ರಲ್ಲಿ ಹೇಳಿತು. ಕೊಸೊವೊ ದೇಶ ಹೌದೇ ಎಂಬುದಕ್ಕೆ ಉತ್ತರ ಆ ಅಭಿಪ್ರಾಯದಲ್ಲಿಲ್ಲ. ಅದನ್ನು ಯಾರೂ ಕೇಳಿರಲೂ ಇಲ್ಲ.

ಐಎಂಎಫ್, ವಿಶ್ವಬ್ಯಾಂಕ್‌ಗಳು 2009ರಲ್ಲೇ ಸದಸ್ಯತ್ವ ಕೊಟ್ಟವು. ಯುನೆಸ್ಕೊದಲ್ಲಿ 2015ರಲ್ಲಿ ಮೂರು ಮತ ಕಡಿಮೆ ಬಿದ್ದು ಬಾಗಿಲು ಮುಚ್ಚಿತು. ಅದನ್ನು ತಡೆಯಲು ಸರ್ಬಿಯಾ ಅಷ್ಟು ಹಟ ಹಿಡಿದದ್ದೇಕೆ ಎಂದು ನೋಡಿದರೆ, ಕೊಸೊವೊದಲ್ಲಿರುವ ನಾಲ್ಕು ಮಧ್ಯಯುಗದ ಸರ್ಬ್ ಚರ್ಚು, ಮಠಗಳು ವಿಶ್ವ ಪರಂಪರೆ ಪಟ್ಟಿಯಲ್ಲಿ ಸರ್ಬಿಯಾದ ಹೆಸರಿನಲ್ಲಿವೆ. ಒಂದು ಕೆಲ್ಮೆಂಡಿಯವರ ಪೇಯಾ ಊರಿಗೆ ಅಂಟಿಕೊಂಡೇ ಇದೆ. ಪ್ರಿಜ್ರೆನ್‌ನ ಚರ್ಚಿಗೆ 2004ರ ಗಲಭೆಯಲ್ಲಿ ಬೆಂಕಿ ಬಿದ್ದಿತ್ತು. ಸರ್ಬಿಯಾದ ಭಯ ಸುಳ್ಳಲ್ಲ. ಆದರೆ ಅವನ್ನು ಕಾಯಬೇಕಾದವರನ್ನೇ ಹೊರಗಿಟ್ಟರೆ ಕಾಯುವ ಹೊಣೆ ಯಾರದು?

ಸರ್ಬಿಯಾ ಮತ್ತು ಕೊಸೊವೊ ನಡುವಿನ 2012ರ ಒಪ್ಪಂದದಂತೆ, ಬಾಲ್ಕನ್ ದೇಶಗಳ ಸಭೆಗಳಲ್ಲಿ ಕೊಸೊವೊ ಹೆಸರಿನ ಪಕ್ಕ ಒಂದು ನಕ್ಷತ್ರ ಚಿಹ್ನೆ, ಕೆಳಗೆ ಅಡಿಟಿಪ್ಪಣಿ: ಈ ಹೆಸರಿನಿಂದ ಸ್ಥಾನಮಾನದ ಬಗ್ಗೆ ಯಾರ ನಿಲುವಿಗೂ ಬಾಧೆಯಿಲ್ಲ. ಹೀಗೆ ಎರಡೂ ಕಡೆಯವರು ಒಂದೇ ಮೇಜಿಗೆ ಕೂರುವಂತಾಯಿತು. ಅಷ್ಟಾದರೂ ಆಯಿತಲ್ಲ.

ಸ್ಥಾನಮಾನದ ಗೊಂದಲ ಫೋನಿಗೂ ತಟ್ಟಿತ್ತು. ಸ್ವಂತ ಕೋಡ್ 383 ಬರುವವರೆಗೆ ಅಲ್ಲಿನ ಮೊಬೈಲ್‌ಗಳು ಮೊನಾಕೊ, ಸ್ಲೊವೇನಿಯಾ ಕೋಡ್‌ಗಳಲ್ಲಿ ನಡೆಯುತ್ತಿದ್ದವು.

ಸ್ಪೇನ್ ಕೊಸೊವೊವನ್ನು ಒಪ್ಪಿಲ್ಲ. ತನ್ನ ಕ್ಯಾಟಲೋನಿಯಾವೂ ಬೇರೆಯಾದೀತೆಂಬ ಚಿಂತೆ ಅದಕ್ಕಿದೆ. 2021ರಲ್ಲಿ ಸೆವಿಲ್‌ನಲ್ಲಿ ಇವೆರಡರ ನಡುವೆ ವಿಶ್ವಕಪ್ ಅರ್ಹತಾ ಫುಟ್‌ಬಾಲ್ ಪಂದ್ಯ. ಸ್ಪೇನ್ ಟಿವಿಯ ಸ್ಕೋರ್ ಪಟ್ಟಿಯಲ್ಲಿ ಸ್ಪೇನ್‌ಗೆ ದೊಡ್ಡ ಅಕ್ಷರ, ಕೊಸೊವೊಗೆ ಸಣ್ಣ ಅಕ್ಷರ. ನೋಡಿ ಬೇಸರವಾಯಿತು. ಆದರೂ ಪಂದ್ಯ ನಡೆಯಿತು.

ಭಾರತವೂ ಮಾನ್ಯತೆ ಕೊಟ್ಟಿಲ್ಲ. ನಮ್ಮ ಗಡಿಗಳನ್ನು ನೆನೆದರೆ ಆ ಅಳುಕು ಅರ್ಥವಾಗುತ್ತದೆ. ಆದರೆ 2018ರಲ್ಲಿ ದೆಹಲಿಯ ಮಹಿಳಾ ವಿಶ್ವ ಬಾಕ್ಸಿಂಗ್‌ಗೆ ಬರಬೇಕಿದ್ದ ಕೊಸೊವೊದ ಹುಡುಗಿಗೆ ವೀಸಾ ಸಿಗಲಿಲ್ಲ. ಬಾವುಟದ ಜಗಳ ಸರ್ಕಾರಗಳದು; ವರ್ಷಗಟ್ಟಲೆ ಬೆವರು ಹರಿಸಿದ್ದು ಅವಳು. ಮಾನ್ಯತೆ ಕೊಡದೆಯೂ ಆಡಲು ಬಿಡಬಹುದು ಎಂದಾದರೆ, ಅವಳನ್ನು ರಿಂಗಿಗೆ ಇಳಿಸುವ ದಾರಿ ದೆಹಲಿಯಲ್ಲಿ ಯಾಕೆ ಕಾಣಲಿಲ್ಲ?